ಮುಟ್ಟು ನಿಂತ ಮೇಲಿನ ಮಾತ್ರೆ



45-50ರ ಸುಮಾರಿಗೆ ಹೆಂಗಸರಿಗೆ ಮುಟ್ಟು ನಿಲ್ಲುತ್ತದೆ. ಆಗ ಕೆಲವರಿಗೆ ಮುಖಕ್ಕೆ ಝಳ ಹೊಡೆದಂತಾಗಿ ಮೈ ಬೆವರುತ್ತದೆ, ನಿದ್ದೆ ಕೆಡುತ್ತದೆ. ನಾವು ಅದನ್ನು ಸೂರತ್ತಿನ ಸೆಖೆಯೆಂದು ತಳ್ಳಿಬಿಡುತ್ತೇವೆ. ಅಂಡಾಶಯದಲ್ಲಿ ಸ್ರವಿಸುವ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿಯುವುದೇ ಇದಕ್ಕೆ ಕಾರಣ. ಬಾಧೆ ತಡೆಯಲಾಗದಿದ್ದರೆ ಅದನ್ನೇ ಮಾತ್ರೆಯಾಗಿ, ಇಲ್ಲವೆ ಚರ್ಮಕ್ಕೆ ಹಚ್ಚುವ ಲೇಪವಾಗಿ ಕೊಡುವುದುಂಟು. ಗುಣವೂ ಕಾಣುತ್ತದೆ.

ಆದರೆ ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಒಂದನ್ನೇ ಕೊಟ್ಟರೆ ಅದರ ಒಳಪದರ ದಪ್ಪವಾಗಿ ಕ್ಯಾನ್ಸರಿಗೆ ದಾರಿಯಾಗಬಹುದು. 1975ರಲ್ಲಿ ಅಮೆರಿಕದಲ್ಲಿ ಇದು ಬೆಳಕಿಗೆ ಬಂತು. ಆದ್ದರಿಂದ ಜೊತೆಗೆ ಪ್ರೊಜೆಸ್ಟರೋನ್ ಕೊಡತಕ್ಕದ್ದು. ಗರ್ಭಕೋಶ ತೆಗೆಸಿದವರಿಗೆ ಸಾಮಾನ್ಯವಾಗಿ ಅದು ಬೇಡ. ನೆರೆಮನೆಯಾಕೆಯ ಚೀಟಿ ತೋರಿಸಿ ಅಂಗಡಿಯಲ್ಲಿ ಮಾತ್ರೆ ಕೊಳ್ಳಬಾರದೆನ್ನುವುದು ಇದಕ್ಕೇ.

ಇಲ್ಲಿನ ಡಾಕ್ಟರು “ಕೋಥಳಿ ಕಢಾವಿ ಛೇ?” ಎಂದರೆ ಗರ್ಭಕೋಶ ತೆಗೆಸಿದೆಯೇ ಎಂದರ್ಥ. “ಮಾಸಿಕ” ಎಂದರೆ ಮುಟ್ಟು, ನಮ್ಮ ಮೇಜಿನ ಮೇಲಿನ ಪತ್ರಿಕೆಯಲ್ಲ. ದುಭಾಷಿಯಾಗಿ ಹೋಗುವ ಗಂಡಸರು ನಾಚಿಕೊಂಡು ಅರ್ಧ ನುಂಗುತ್ತೇವೆ, ನಾನೂ ನುಂಗಿದವನೇ. ಸ್ತನದ ಕ್ಯಾನ್ಸರ್, ಪಾರ್ಶ್ವವಾಯು, ಹೃದಯಾಘಾತ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಪಿತ್ತಕೋಶ-ಯಕೃತ್ತಿನ ಕಾಯಿಲೆ, ಇವು ಹಿಂದೆಂದೋ ಆಗಿದ್ದರೂ ಹೇಳಲೇಬೇಕು. ಇಂಥವರಲ್ಲಿ ಹೆಚ್ಚಿನವರಿಗೆ ಈ ಮಾತ್ರೆ ಸಲ್ಲದು.

2002ರಲ್ಲಿ ಅಮೆರಿಕದ ದೊಡ್ಡ ಪರೀಕ್ಷೆಯೊಂದನ್ನು ನಡುವೆ ನಿಲ್ಲಿಸಿದರು; ಎರಡೂ ಮದ್ದು ಕೂಡಿಸಿ ಪಡೆದವರಲ್ಲಿ ಸ್ತನದ ಕ್ಯಾನ್ಸರ್, ಪಾರ್ಶ್ವವಾಯು ತುಸು ಹೆಚ್ಚಿದ್ದವು. ಅವರಲ್ಲಿ ಬಹುಮಂದಿ 60 ದಾಟಿದವರು. 60ರೊಳಗೆ, ಮುಟ್ಟು ನಿಂತ 10 ವರ್ಷದೊಳಗೆ ಆರಂಭಿಸಿದರೆ ಅಪಾಯ ಕಡಿಮೆ, ಇಲ್ಲವೆಂದಲ್ಲ. ವರ್ಷಕ್ಕೊಮ್ಮೆ ತೋರಿಸಬೇಕು.

ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತ ಕಂಡರೆ, ಮಾತ್ರೆ ನುಂಗುತ್ತಿರಲಿ ಬಿಡಲಿ, ತಡಮಾಡದೆ ಕರೆದೊಯ್ಯಿರಿ: ಅಹಮದಾಬಾದಿನವರು ಅಸಾರವಾದ ಸಿವಿಲ್ ಆಸ್ಪತ್ರೆಗೆ, ವಡೋದರೆಯವರು ಎಸ್.ಎಸ್.ಜಿ.ಗೆ, ನಮ್ಮ ಸೂರತ್ತಿನವರು ಮಜೂರಾ ಗೇಟಿನ ನ್ಯೂ ಸಿವಿಲ್‌ಗೆ.