‘ವಿಕಿರಣರಕ್ಷಕ’: ಒಂದು ಪದದ ಅರ್ಥವ್ಯಾಪ್ತಿ ಮತ್ತು ಕನ್ನಡ ವಿಜ್ಞಾನ ಬರವಣಿಗೆ

ಬೆಂಗಳೂರಿನ ಮಾವಳ್ಳಿಯಲ್ಲಿ 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗ್‌ನಲ್ಲಿ ಸಸ್ಯವನ್ನು ಗುರುತಿಸುವುದು ಅದರ ಶಾಸ್ತ್ರೀಯ ನಾಮದಿಂದ. ಅದರ ಆಸುಪಾಸಿನ ಮನೆಗಳ ಅಂಗಳದ ತುಳಸಿಯಾದರೋ ಪೂಜೆ ಹಾಗೂ ಮನೆಮದ್ದುಗಳ ಮೂಲಕ ಪರಿಚಿತ. ಈ ಎರಡು ಭಾಷಾವಲಯಗಳು ಸಂಧಿಸುವಲ್ಲಿ ಉಂಟಾಗುವ ಅರ್ಥಪಲ್ಲಟಕ್ಕೆ ‘ವಿಕಿರಣರಕ್ಷಕ’ ಎಂಬ ಪದ ಒಳ್ಳೆಯ ನಿದರ್ಶನ.

ಗಾಮಾ ಕಿರಣಗಳು ದೇಹವನ್ನು ಹೊಕ್ಕಾಗ ಜೀವಕೋಶದಲ್ಲಿರುವ ನೀರಿನ ಅಣುಗಳು ಒಡೆದು ಹೈಡ್ರಾಕ್ಸಿಲ್ ಮುಂತಾದ ಮುಕ್ತ ರ್‍ಯಾಡಿಕಲ್‌ಗಳು ಹುಟ್ಟುತ್ತವೆ. ಕ್ಷಣಮಾತ್ರ ಬದುಕುವ ಇವು ಡಿಎನ್‌ಎ ಎಳೆಗಳನ್ನು ತುಂಡರಿಸಬಲ್ಲವು. ಇವು ಡಿಎನ್‌ಎಯನ್ನು ತಾಕುವ ಮೊದಲೇ ಹಿಡಿದು ನಿಷ್ಕ್ರಿಯಗೊಳಿಸುವುದು ರಕ್ಷಕ ವಸ್ತುಗಳ ಮುಖ್ಯ ಕಾರ್ಯವಿಧಾನ. ಆದುದರಿಂದ ಅಂಥ ವಸ್ತು ವಿಕಿರಣ ತಾಕುವ ಮೊದಲೇ ದೇಹದಲ್ಲಿರಬೇಕು. 1949ರಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲದಲ್ಲಿ ಈ ಗುಣ ಕಂಡುಬಂದಿತು.

ಕರ್ನಾಟಕದಲ್ಲಿ ಈ ಬಗೆಯ ಅಧ್ಯಯನಕ್ಕೆ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜು ಹೆಸರಾದುದು. ಅಲ್ಲಿ ಪಿ. ಉಮಾದೇವಿ ಮತ್ತು ಸಂಗಡಿಗರು ತುಳಸಿ ಎಲೆಯಿಂದ ಓರಿಯೆಂಟಿನ್, ವೈಸೆನಿನ್ ಎಂಬ ಎರಡು ಫ್ಲೇವನಾಯ್ಡ್‌ಗಳನ್ನು ಬೇರ್ಪಡಿಸಿದರು. 1999ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ವಿಕಿರಣಕ್ಕೆ 30 ನಿಮಿಷ ಮೊದಲು ಇಲಿಗಳಿಗೆ ಇವನ್ನು ಚುಚ್ಚುಮದ್ದಾಗಿ ಕೊಡಲಾಯಿತು. ದೇಹತೂಕದ ಪ್ರತಿ ಕಿಲೋಗ್ರಾಂಗೆ 50 ಮೈಕ್ರೋಗ್ರಾಂ ಪ್ರಮಾಣ ಹೆಚ್ಚು ಫಲಕಾರಿಯಾಯಿತು. ರಕ್ಷಣೆಯ ಅಳತೆ ಕ್ರಮವಾಗಿ 1.30 ಮತ್ತು 1.37. ಎಂದರೆ, ಓರಿಯೆಂಟಿನ್ ಪಡೆಯದ ಇಲಿಯಲ್ಲಿ 10 ಗ್ರೇ ವಿಕಿರಣ ಉಂಟುಮಾಡುವ ಪರಿಣಾಮಕ್ಕೆ, ಅದನ್ನು ಪಡೆದ ಇಲಿಯಲ್ಲಿ 13 ಗ್ರೇ ಬೇಕಾಗುತ್ತದೆ. ಅದೇ ಕಾಲೇಜಿನಲ್ಲಿ ಜಿ. ಸಿ. ಜಗೇಟಿಯಾ ಮತ್ತು ಸಂಗಡಿಗರು ಬಿಲ್ವ, ಶುಂಠಿ, ನೇರಳೆಗಳನ್ನೂ ಪರೀಕ್ಷಿಸಿದರು.

ಇಲ್ಲಿ ‘ರಕ್ಷಣೆ’ ಒಂದು ಅನುಪಾತ. ಕನ್ನಡದಲ್ಲಾದರೋ ‘ರಕ್ಷೆ’ ಎಂದರೆ ಕಟ್ಟಿಕೊಂಡವನನ್ನು ಪೂರ್ಣವಾಗಿ ಕಾಯುವಂಥದು. ತಾಯಿತ, ದೇವರ ಅಭಯ, ಕಂಕಣಗಳ ನೆನಪು ಆ ಪದಕ್ಕೆ ಅಂಟಿಕೊಂಡಿದೆ. ‘ತುಳಸಿ ವಿಕಿರಣರಕ್ಷಕ’ ಎಂಬ ವಾಕ್ಯದಲ್ಲಿ ಇಲಿ, ಚುಚ್ಚುಮದ್ದು, 30 ನಿಮಿಷ, ಅನುಪಾತ ಎಲ್ಲವೂ ಮರೆಯಾಗಿ, ಎಲೆ ಅಗಿದರೆ ಸಾಕೆಂಬ ಧ್ವನಿ ಮಾತ್ರ ಉಳಿಯುತ್ತದೆ.

ಈ ಧ್ವನಿಯ ಪರಿಣಾಮ ಭಾಷೆಗಷ್ಟೇ ಸೀಮಿತವಲ್ಲ. ವಿಕಿರಣ ಚಿಕಿತ್ಸೆಯ ಉದ್ದೇಶವೇ ಗೆಡ್ಡೆಯ ಕೋಶಗಳನ್ನು ಕೊಲ್ಲುವುದು. ಆರೋಗ್ಯವಂತ ಕೋಶವನ್ನು ಕಾಯುವ ವಸ್ತು ಗೆಡ್ಡೆಯನ್ನೂ ಕಾದೀತೇ ಎಂಬುದು ಈ ಕ್ಷೇತ್ರದ ಮೂಲಭೂತ ಪ್ರಶ್ನೆ. ಚಿಕಿತ್ಸೆಯಲ್ಲಿರುವ ರೋಗಿ ಲೇಖನವೊಂದನ್ನು ನಂಬಿ, ವೈದ್ಯರಿಗೆ ತಿಳಿಸದೆ ಸಸ್ಯಸಾರ ಸೇವಿಸಿದರೆ ಅಪಾಯವನ್ನು ಎದುರಿಸುವವನು ಆತನೇ.

ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಆರಂಭಿಸಿದಂದಿನಿಂದ ಕನ್ನಡ ವಿಜ್ಞಾನ ಬರವಣಿಗೆಯ ಚರ್ಚೆಯಲ್ಲಿ ಪದಸೃಷ್ಟಿಗೆ ಪ್ರಾಶಸ್ತ್ಯ ದೊರೆತಿದೆ. ಆದರೆ ಪದ ಸಿಕ್ಕಮಾತ್ರಕ್ಕೆ ಅರ್ಥ ಸಿಕ್ಕಿತೆನ್ನಲಾಗದು. ಯಾವ ಜೀವಿಯಲ್ಲಿ, ಯಾವ ಪ್ರಮಾಣದಲ್ಲಿ, ಯಾವ ಮಾರ್ಗದಲ್ಲಿ, ವಿಕಿರಣಕ್ಕೆ ಮೊದಲೋ ಅನಂತರವೋ ಎಂಬ ವಿಶೇಷಣಗಳು ವಾಕ್ಯದಲ್ಲಿ ಉಳಿದಾಗಲೇ ‘ವಿಕಿರಣರಕ್ಷಕ’ ಪಾರಿಭಾಷಿಕ ಪದವಾಗಿ ನಿಲ್ಲಬಲ್ಲದು. ಅವನ್ನು ಕಳೆದುಕೊಂಡರೆ ಅದು ಮತ್ತೆ ತಾಯಿತವೇ ಆಗುತ್ತದೆ.