ಔಷಧಭಯವೂ ವ್ರತನಿಷ್ಠೆಯೂ

ಪರ್ವದಿನಗಳಲ್ಲಿ ಉಪವಾಸ ಕೈಗೊಳ್ಳುವ ಶ್ರಾವಕ-ಶ್ರಾವಿಕೆಯರಲ್ಲಿ ಕೆಲವರು ವೈದ್ಯರು ಕೊಟ್ಟ ಔಷಧವನ್ನೂ ತ್ಯಜಿಸುವುದುಂಟು. ಇದಕ್ಕೆ ವ್ರತವೇ ಕಾರಣವೋ, ‘ಔಷಧ ಒಮ್ಮೆ ಹಿಡಿದರೆ ಬಿಡದು, ದೇಹವನ್ನೇ ಕೆಡಿಸೀತು’ ಎಂಬ ಭಯವು ಕಾರಣವೋ ಎಂದು ವಿಚಾರಿಸುವುದು ಅವಶ್ಯ.

ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದನ್ನು ವೈಯಾವೃತ್ಯದಲ್ಲಿ ಎಣಿಸಿದ್ದಾರೆ. ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳಿಲ್ಲದ ಚಿಕಿತ್ಸೆಯನ್ನು ‘ಕಲ್ಯಾಣಕಾರಕ’ದಲ್ಲಿ ನಿರೂಪಿಸಿದರು. ಕೊಡುವುದು ಪುಣ್ಯವಾದರೆ ಸ್ವೀಕರಿಸುವುದು ದೋಷವಾದೀತೆ?

ವಿವೇಕ ಬೇರೆ, ಭಯ ಬೇರೆ. ಕ್ಯಾಪ್ಸೂಲಿನ ಹೊದಿಕೆಯ ಜೆಲಾಟಿನ್ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ಆದುದು; ಬದಲಿಗೆ ಮಾತ್ರೆ ದೊರೆಯುವುದೇ ಎಂದು ಕೇಳುವುದು ವಿವೇಕ. ಯಾರನ್ನೂ ಕೇಳದೆ ಎಲ್ಲವನ್ನೂ ನಿಲ್ಲಿಸುವುದು ಭಯ. ಮೂರ್ಛೆರೋಗದ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಸೆಳವು ಮರುಕಳಿಸಬಹುದು. ಸಾಮಾನ್ಯವಾಗಿ 6 ತಿಂಗಳ ಕ್ಷಯಚಿಕಿತ್ಸೆಯನ್ನು ನಡುವೆ ಕೈಬಿಟ್ಟರೆ ರೋಗಾಣುಗಳು ಔಷಧಕ್ಕೆ ಮಣಿಯದಂತಾಗಬಹುದು. ಹಾಗೆಂದು ಮಧುಮೇಹಿಗಳು ನಿರಾಹಾರರಾಗಿದ್ದು ಎಂದಿನ ಔಷಧವನ್ನೇ ಮುಂದುವರಿಸುವುದೂ ಸಲ್ಲದು. ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿದೀತು. ಆದುದರಿಂದ ವ್ರತಕ್ಕೆ ಮೊದಲೇ ವೈದ್ಯರ ಸಲಹೆ ಪಡೆಯತಕ್ಕದ್ದು.

ಷೋಡಶಭಾವನೆಗಳಲ್ಲಿ ಹೇಳಿದುದು ‘ಶಕ್ತಿತಸ್ತಪ’. ಶಕ್ತಿಯನ್ನು ಅಡಗಿಸದೆ, ಮೀರದೆ ಮಾಡುವ ತಪ. ಔಷಧದ ವೇಳೆಗೆ ಉಪವಾಸ ಹೊಂದದಿದ್ದರೆ ಏಕಾಶನವನ್ನೋ ರಸತ್ಯಾಗವನ್ನೋ ಗುರುಗಳ ಸಮ್ಮತಿಯಿಂದ ಸ್ವೀಕರಿಸಬಹುದು. ಭಯವು ಒಂಬತ್ತು ನೋಕಷಾಯಗಳಲ್ಲಿ ಒಂದು. ಮೊದಲು ತ್ಯಜಿಸಬೇಕಾದುದು ಅದನ್ನು; ಮಾತ್ರೆಯನ್ನಲ್ಲ.