ಗೊತ್ತಿಲ್ಲ ಅನ್ನಲು ಅಂಜಬೇಡ

ಮತ್ತಿಕೆರೆ

ಕರ್ತನಲ್ಲಿ ಪ್ರಿಯನಾದ ತಮ್ಮನಿಗೆ,

ಭಾನುವಾರದ ಆರಾಧನೆ ಮುಗಿದ ಮೇಲೆ ಸೇರುವ ದೊಡ್ಡವರ ತರಗತಿಯನ್ನು ಇನ್ನು ಮುಂದೆ ನೀನು ನಡೆಸುತ್ತೀಯೆಂದು ಕೇಳಿ ಸಂತೋಷವಾಯಿತು. ಅವತ್ತು ಮೆಟ್ಟಿಲಿಳಿಯುವಾಗ, "ಅಂಕಲ್, ಯಾರಾದರೂ ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಏನು ಮಾಡಲಿ?" ಎಂದು ಕೇಳಿದೆ. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಬೇರೆ ಸಭೆಗಳಲ್ಲಿ ಇದೇ ಹೊಣೆ ಹೊತ್ತ ಎಳೆಯರೂ ಓದಲಿ ಎಂದು ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ನಾನು ತರಗತಿ ನಡೆಸುತ್ತಿದ್ದ ಕಾಲದಲ್ಲಿ ಕಾಲೇಜು ಹುಡುಗನೊಬ್ಬ, "ದೇವರು ಒಬ್ಬನೇ ಅನ್ನುತ್ತೀರಿ, ಮೂವರ ಹೆಸರು ಹೇಳುತ್ತೀರಿ. ಹೇಗೆ?" ಎಂದ. ನನಗೆ ಗೊತ್ತಿರಲಿಲ್ಲ. ಒಪ್ಪಿಕೊಳ್ಳಲು ನಾಚಿಕೆ. "ನಂಬಬೇಕಪ್ಪ, ಇದನ್ನೆಲ್ಲ ಕೆದಕಬಾರದು" ಎಂದುಬಿಟ್ಟೆ. ಅವನು ಮತ್ತೆ ಬರಲಿಲ್ಲ. ಆ ಮುಖ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆಮೇಲೆ ಓದುತ್ತಾ ಹೋದಾಗ ತಿಳಿಯಿತು, ಅವನ ಪ್ರಶ್ನೆ ಸಭೆಯಷ್ಟೇ ಹಳೆಯದೆಂದು. 325ರಲ್ಲಿ ನಿಕೇಯದಲ್ಲಿ ಕೂಡಿದ ಬಿಷಪರು ಮಗನು ತಂದೆಯೊಡನೆ ಒಂದೇ ತತ್ತ್ವದವನೆಂದು ಬರೆದರು. ಅದಕ್ಕೆ ಅವರು ಬಳಸಿದ ಗ್ರೀಕ್ ಪದ 'ಹೊಮೊಊಸಿಯೊಸ್' ಸತ್ಯವೇದದಲ್ಲಿ ಎಲ್ಲೂ ಇಲ್ಲ. ಹಾಗಾಗಿ ಜಗಳ ಇನ್ನೂ ಬೆಳೆಯಿತು. ಆ ನಂಬಿಕೆಯ ಪರ ನಿಂತ ಅಥನಾಸಿಯಸ್ ಐದು ಸಲ ಗಡೀಪಾರಾದ. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಮತ್ತೆ ಸಭೆ ಸೇರುವ ಹೊತ್ತಿಗೆ 56 ವರ್ಷ ಸಂದಿದ್ದವು. ಕರ್ತನ ಭೋಜನದ ದಿನ ನಾವು ಎದ್ದು ನಿಂತು ಒಂದೆರಡು ನಿಮಿಷದಲ್ಲಿ ಒಪ್ಪಿಸುವ ವಿಶ್ವಾಸಪ್ರಮಾಣಕ್ಕೆ ಅಷ್ಟು ಕಾಲ ಹಿಡಿಯಿತು. ಮುಕ್ಕಾಲು ಗಂಟೆಯ ತರಗತಿಯಲ್ಲಿ ನಿನಗೆ ಬಗೆಹರಿಯದಿದ್ದರೆ ಕುಗ್ಗಬೇಡ.

ಓದುವುದನ್ನಂತೂ ಬಿಡಬೇಡ. ಬೆನ್ಸನ್ ಟೌನ್‌ನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು 1910ರಿಂದ ನಡೆಯುತ್ತಿದೆ, ನಮ್ಮಿಂದ ದೂರವೂ ಇಲ್ಲ. ಬಲ್ಲವರನ್ನು ಹುಡುಕಿಕೊಂಡು ಹೋಗಿ ಕೇಳು. ಆದರೆ ತರಗತಿಗೆ ಬಂದ ಮೇಲೆ ಕನ್ನಡದಲ್ಲಿ ಯೋಚಿಸು. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಕೈಯಲ್ಲಿ 1831ರಲ್ಲಿ ಇಡೀ ಬೈಬಲ್ ಕನ್ನಡಕ್ಕೆ ಬಂದಾಗ, ನಮ್ಮ ಮನೆಗಳ ಮಾತೇ ದೇವರ ವಾಕ್ಯಕ್ಕೆ ಒದಗಿತು. ಆ ಪದಗಳನ್ನು ಒಂದೊಂದಾಗಿ ಎತ್ತಿ ಎಲ್ಲರ ಮುಂದಿಡು.

'ಪಾಪ' ಎಂಬ ಪದವನ್ನೇ ನೋಡು. ಪಾಪ ಅಂದರೆ ತಪ್ಪು, ದೇವರಿಂದ ದೂರವಾದದ್ದು. ಮಗು ಎಡವಿ ಬಿದ್ದರೆ "ಅಯ್ಯೋ ಪಾಪ" ಎಂದು ಓಡುವುದೂ ಅದೇ ಪದ ಬಾಯಲ್ಲಿಟ್ಟುಕೊಂಡು. ತಪ್ಪಿಹೋದ ಮಗನ ಸಾಮ್ಯವನ್ನು ಈ ಕಿವಿಯಿಂದ ಕೇಳಿಸಿಕೋ. ಪಾಪ ಮಾಡಿದೆ ಎಂದು ಹೇಳಿಕೊಳ್ಳಲು ಮಗ ಬರುತ್ತಿದ್ದಾನೆ. ಅವನು ಇನ್ನೂ ದೂರದಲ್ಲಿರುವಾಗಲೇ ತಂದೆಯ ಕರುಳು "ಅಯ್ಯೋ ಪಾಪ" ಅಂದಿದೆ. ಕೃಪೆ ಎಂದರೇನೆಂದು ನನಗೆ ತಿಳಿದದ್ದು ಹೀಗೆ, ಅಡುಗೆಮನೆಯ ಮಾತಿನಿಂದ. ನಿನ್ನ ತರಗತಿಯಲ್ಲಿ ಪುಸ್ತಕ ಓದದ ಅಜ್ಜಿಯೊಬ್ಬರು ಇಂಥದ್ದನ್ನು ಹೇಳಬಹುದು. ಅವರ ಸರದಿ ತಪ್ಪಿಸಬೇಡ.

ಪಕ್ಕದ ಮನೆಯವರಿಗೆ 'ಅವತಾರ' ಎಂದರೆ ದಶಾವತಾರ ನೆನಪಾಗುತ್ತದೆ. ನಾವು ಹೇಳುವುದು ಒಂದೇ ಸಲ, ಹಸಿವು ಸಾವು ಎರಡೂ ಇರುವ ದೇಹದಲ್ಲಿ ಬಂದವನನ್ನು. ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳು, ಅವರ ಭಕ್ತಿಯನ್ನು ಹಗುರಮಾಡದೆ ಹೇಳು. 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ 1971ರಲ್ಲಿ ಚರ್ಚುಗಳ ಜಾಗತಿಕ ಮಂಡಳಿಯ ಸಂವಾದ ವಿಭಾಗಕ್ಕೆ ಮೊದಲ ನಿರ್ದೇಶಕರಾದರು. ನೆರೆಯವರ ನಂಬಿಕೆಯನ್ನು ಕಿವಿಗೊಟ್ಟು ಕೇಳುವುದೂ ದೇವಶಾಸ್ತ್ರದ ಕೆಲಸವೆಂದು ಜಗತ್ತಿಗೆ ಹೇಳಿದ್ದು ನಮ್ಮ ನಾಡಿನವರೇ.

ಕೊನೆಯದಾಗಿ ಒಂದು ಎಚ್ಚರಿಕೆ. ಮಗನನ್ನು ಕಳೆದುಕೊಂಡ ತಾಯಿ "ಯಾಕೆ ಹೀಗಾಯಿತು?" ಎಂದು ಕೇಳಿದರೆ ಅದನ್ನು ಪಾಠ ಮಾಡಬೇಡ. ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಅವನೊಡನೆ ಸುಮ್ಮನೆ ನೆಲದ ಮೇಲೆ ಕೂತಿದ್ದರು. ಬಾಯಿ ಬಿಟ್ಟು ಕಾರಣ ವಿವರಿಸತೊಡಗಿದ ಮೇಲೇ ಕೆಟ್ಟರು. ಕೊನೆಗೆ ದೇವರು ಮೆಚ್ಚಿದ್ದು ಅಷ್ಟೆಲ್ಲ ಪ್ರಶ್ನೆ ಕೇಳಿದ ಯೋಬನನ್ನು. ಆ ತಾಯಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತುಕೋ. ಅವತ್ತಿಗೆ ಅಷ್ಟು ಸಾಕು.

ನೀನು ಕೇಳಿದ್ದಕ್ಕೆ ಉತ್ತರ ಇಷ್ಟೇ, ತಮ್ಮಾ. ಗೊತ್ತಿಲ್ಲದಿದ್ದರೆ, "ನನಗೂ ಗೊತ್ತಿಲ್ಲ, ಮುಂದಿನ ವಾರ ಎಲ್ಲರೂ ಸೇರಿ ನೋಡೋಣ, ಬರ್ತೀರಲ್ಲ?" ಅನ್ನು. ಅವತ್ತು ಆ ಹುಡುಗನಿಗೆ ನಾನು ಹೇಳಬೇಕಾಗಿದ್ದ ಮಾತು ಅದು.

ಈ ಭಾನುವಾರ ನಾನೂ ಬರುತ್ತೇನೆ. ಅವನ ಪ್ರಶ್ನೆಯನ್ನು ನಾನೇ ಕೇಳುತ್ತೇನೆ.

ನಿನ್ನ ಹಿತ ಬಯಸುವ,
ಅಂಕಲ್